ಗೋಧಿ ಡಬ್ಬದ ಹಿಂದಿನ ರಬ್ಬರು ಹುಳ

ಗಾಳದ ದಾರಕ್ಕೆ ಹಗುರವಾದ ತುಂಡೊಂದನ್ನು ಕಟ್ಟುತ್ತಾರಲ್ಲ, ಮೀನು ಕಚ್ಚಿದರೆ ಮುಳುಗಿ ಏಳುತ್ತದಲ್ಲ, ಅದಕ್ಕೆ ನಮ್ಮ ಕಡೆ... ಗುಂಡು? ಅಲ್ಲ. ದಿಂಡು? ಅದೂ ಅಲ್ಲ. ಬೆಂಡು! ನಾಗಪುರದ ಮಗಳ ಮನೆ ಸೇರಿ ಇಷ್ಟು ವರ್ಷವಾದ ಮೇಲೆ ಇಂಥ ಪದಗಳು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತವೆ. ‘ಹುಳ’ ಎಂಬ ಪದ ಮಾತ್ರ ಮರೆತಿಲ್ಲ. ಅದು ಕಿವಿಗೆ ಬಿದ್ದರೆ ಇವತ್ತಿಗೂ ಎದೆ ಡವಗುಟ್ಟುತ್ತದೆ. ನನ್ನ ಬದುಕಿನಲ್ಲಿ ಆಗಬಾರದ್ದೆಲ್ಲ ಹುಳದಿಂದಲೇ ಆಗಿದೆ.

ತೊಂಬತ್ತರ ದಶಕದಲ್ಲಿ ನಾನು ತೊಣ್ಣೂರು ಕೆರೆಯ ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಕಟ್ಟಡವಿರಲಿಲ್ಲ, ನಮ್ಮ ಮನೆಯ ಪಡಸಾಲೆಯೇ ಅಂಗನವಾಡಿ. ಒಮ್ಮೆ ಗೋಧಿಯಲ್ಲಿ ಹುಳ ಸಿಕ್ಕಿತೆಂದು ಮಗುವೊಂದರ ತಾಯಿ ದೂರು ಕೊಟ್ಟರು. ಪಾಂಡವಪುರದಿಂದ ಬಂದ ಮೇಲ್ವಿಚಾರಕಿ ಮೇಡಂ ನೋಟೀಸು ಕೊಟ್ಟು, “ಇನ್ನೊಂದು ಸಲ ಹುಳ ಕಂಡರೆ ಕೆಲಸದ ಆಸೆ ಬಿಟ್ಟುಬಿಡಿ” ಎಂದು ಹೋದರು. ಅಂದಿನಿಂದ ದಿನಕ್ಕೆ ಮೂರು ಸಲ ಗೋಧಿ ಕೇರುತ್ತಿದ್ದೆ. ಅಂಥ ಹೊತ್ತಿನಲ್ಲಿ ನನ್ನ ಯಜಮಾನರು ಮನೆಗೆ ಒಂದು ಪೊಟ್ಟಣ ತುಂಬ ಹುಳ ತಂದರು.

ಕೋಳಿ

ಜೊತೆಗೆ ಬಂದವರು ಶ್ರೀರಂಗಪಟ್ಟಣದಲ್ಲಿ ಟ್ಯಾಕ್ಸಿ ಓಡಿಸುವ ಸಾಬರು, ಯಜಮಾನರ ಹಳೆಯ ಗೆಳೆಯರು. ಹೊಳೆಯಲ್ಲಿ ಮೀನು ಹಿಡಿಯಲು ಬಂದಿದ್ದ ಯಾರೋ ವಿದೇಶದವರು ವಾಪಸು ಹೋಗುವಾಗ ಸಾಬರ ಕೈಗಿತ್ತ ಪೊಟ್ಟಣವಂತೆ. ಬಿಚ್ಚಿ ನೋಡಿದರೆ ಗೇಣುದ್ದದ ನೇರಳೆ ಹುಳಗಳು, ಮೈತುಂಬ ಮಿನುಗು. ಕಿರುಚಿದೆ.

“ಡರೋ ಮತ್ ಭಾಬಿ, ಹೆದರ್ಬೇಡಿ, ರಬ್ಬರು!” ಎಂದರು ಸಾಬರು. “ಮೀನು ಮೋಸ ಹೋಗ್ಲಿ ಅಂತ ಮಾಡಿರೋದು. ನೀವೇ ಮೊದ್ಲು ಮೋಸ ಹೋದ್ರಿ!”

ನನಗೆ ನಗು ಬರಲಿಲ್ಲ. “ಮಕ್ಕಳು ಇರೋ ಜಾಗ. ಯಾರಾರ ಕಂಡ್ರೆ ನನ್ ಕೆಲ್ಸ ಓಯ್ತದೆ” ಎಂದೆ.

“ಯಾರ್ ಕಣ್ಗೂ ಬೀಳ್ದಂಗೆ ಮಡಗ್ತೀನಿ ಬುಡು” ಎಂದು ಯಜಮಾನರು ಹಿತ್ತಿಲ ಕಲ್ಲಿನ ಮೇಲೆ ಮಡಗಿದರು. ಬಿದ್ದದ್ದು ನಮ್ಮ ಕೋಳಿಯ ಕಣ್ಣಿಗೆ. ಹುಳದ ಒಂದು ತುದಿ ಕೊಕ್ಕಿನಲ್ಲಿ, ಇನ್ನೊಂದು ಯಜಮಾನರ ಕೈಯಲ್ಲಿ. ಗೇಣುದ್ದದ್ದು ಮೊಳದುದ್ದವಾಯಿತು. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಅಜ್ಜ ಅಷ್ಟನ್ನೂ ನೋಡಿ ಕೇಳಿದ: “ಯಾಕ್ಲಾ, ಮನೇಲಿ ರಾಗಿ ಇಟ್ಟು ಬೇಯ್ಸಿಲ್ವಾ? ಕೋಳಿ ಬಾಯಿಂದ ಕಿತ್ಕೊಂಡು ತಿಂತಿದ್ದೀಯಲ್ಲ!”

ಕೈ

ಮೊಣಕಾಲುದ್ದ ನೀರಿನಲ್ಲಿ, ಜೊಂಡಿನ ಸಂದಿಯಲ್ಲಿ ಕೊರಮೀನು ಅಡಗಿರುತ್ತದೆ. ರಬ್ಬರು ಹುಳಕ್ಕೆ ಜೀವವಿದೆ ಎಂದು ಅದನ್ನು ನಂಬಿಸಬೇಕಾದರೆ ಗಾಳದ ಕೋಲು ಹಿಡಿದ ಕೈಯನ್ನು ಪುಟಪುಟನೆ ಅದುರಿಸುತ್ತಲೇ ಇರಬೇಕು. ಯಜಮಾನರು ದಿನಾ ಬೆಳಿಗ್ಗೆ ನೀರಿನ ನಡುವಿನ ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಎರಡೆರಡು ಗಂಟೆ ಅದುರಿಸಿದರು. ಆಮೇಲೆ ಮನೆಗೆ ಬಂದರೂ ಕೈ ನಿಲ್ಲದಾಯಿತು.

ಕೆ.ಆರ್. ಪೇಟೆಯಲ್ಲಿ ನಾದಿನಿಯ ಮೊಮ್ಮಗುವಿನ ನಾಮಕರಣ. ಊಟದ ಸಾಲಿನಲ್ಲಿ ಇವರ ಕೈ ಎಲೆಯ ಮೇಲೆ ಪುಟಪುಟ. ಬಡಿಸುತ್ತಿದ್ದ ನಾದಿನಿ ಸಾರಿನ ಬಕೆಟ್ಟು ಕೆಳಗಿಟ್ಟು ಅತ್ತೇಬಿಟ್ಟಳು. “ನಮ್ಮಣ್ಣಂಗೆ ಲಕ್ವ ಒಡ್ದ್ಬುಟ್ಟದೆ! ಅತ್ತಿಗೆ, ಒಂದ್ ಮಾತು ಏಳ್ಬಾರ್ದಾಗಿತ್ತಾ? ನಡೀರಿ, ಈಗ್ಲೇ ಆಸ್ಪತ್ರೆಗೆ ಓಗವ!”

ಸಾಲಿಗೆ ಸಾಲೇ ನನ್ನತ್ತ ತಿರುಗಿತು. ನಿಜ ಹೇಳಿದರೆ ‘ಟೀಚರಮ್ಮನ ಮನೇಲಿ ಹುಳ’ ಎಂಬ ಸುದ್ದಿ ನಮಗಿಂತ ಮುಂಚಿನ ಬಸ್ಸಿಗೇ ಪಾಂಡವಪುರ ಮುಟ್ಟುತ್ತದೆ. ಬಾಯಿ ಬಿಡಬೇಡಿ ಎಂದು ಯಜಮಾನರ ತೊಡೆ ಚಿವುಟಿದೆ. ಚಿವುಟಿದ್ದಕ್ಕೇ ಬಾಯಿ ಬಿಟ್ಟರು: “ಏನಿಲ್ಲ ಕಣವ್ವ, ಹುಳ ಕುಣಿಸ್ತಾ ಇದ್ದೆ.”

ನಾದಿನಿ ಎದೆ ಬಡಿದುಕೊಂಡಳು. “ಅಯ್ಯೋ ಸಿವ್ನೇ, ತಲೆಗೂ ಏರ್ಬುಟ್ಟದೆ!”

ಕೆರೆ ಕಡೆ

ಕೋಳಿಯ ಭಯಕ್ಕೆ ಯಜಮಾನರು ಉಳಿದ ಹುಳಗಳನ್ನು ಗಾಜಿನ ಬಾಟಲಿಗೆ ಹಾಕಿ, ಮೆತ್ತಗಿರಲೆಂದು ಎಣ್ಣೆ ಸುರಿದು, ನನಗೆ ಹೇಳದೆ ಗೋಧಿ ಡಬ್ಬದ ಹಿಂದೆ ಇಟ್ಟಿದ್ದರು. ಅದು ನನಗೆ ಗೊತ್ತಾದದ್ದು ಮೇಡಂ ತಪಾಸಣೆಗೆ ಬಂದ ದಿನ. ಅವರು ಡಬ್ಬವನ್ನು ಕೆಳಗಿಳಿಸಿ, ಗೋಧಿಯನ್ನು ಬೊಗಸೆ ಬೊಗಸೆ ಎತ್ತಿ ನೋಡಿದರು. ಒಂದೂ ಹುಳವಿಲ್ಲ. ನಾನು ಉಸಿರು ಬಿಟ್ಟೆ. ಡಬ್ಬವನ್ನು ವಾಪಸು ಇಡಲು ಹೋದವರು ಹಾಗೇ ನಿಂತರು.

“ಏನ್ರೀ ಇದು?” ಕೈಯಲ್ಲಿ ಬಾಟಲಿ.

ರಬ್ಬರು ಎನ್ನಲು ಹೋದೆ. ಬಾಯಿಂದ “ರ... ರ...” ಅಷ್ಟೇ ಬಂತು. ನನ್ನ ಪರದಾಟ ನೋಡಲಾರದೆ ಮುಂದಿನ ಸಾಲಿನ ನಾಲ್ಕು ವರ್ಷದ ಹುಡುಗಿ ಎದ್ದು ನಿಂತಳು. “ಮೇಡಮ್ಮಾ, ಅದು ಟೀಚರಮ್ಮನ ಗಂಡಂದು. ದಿನಾ ಒತ್ತಾರೆ ಕೆರೆ ಕಡೆ ಓಗಿ ಬುಡ್ತಾರೆ.”

ನಮ್ಮ ಊರುಗಳಲ್ಲಿ ಬೆಳಗಾಗೆದ್ದು ಚೆಂಬು ಹಿಡಿದು ‘ಕೆರೆ ಕಡೆ’ ಹೋಗುವುದು ಯಾತಕ್ಕೆಂದು ಮೇಡಂಗೂ ಗೊತ್ತು. ಸಿಟ್ಟಿನಲ್ಲಿ ಕೆಂಪಗಿದ್ದ ಮುಖ ಬಿಳಿಚಿತು. “ಇಷ್ಟುದ್ದವಾ! ಪಾಪ... ಡಾಕ್ಟರಿಗೆ ತೋರ್ಸೋಕೆ ಇಟ್ಟಿದ್ದೀರಾ?”

ನಾನು ಗೋಧಿ ಡಬ್ಬದ ಮುಚ್ಚಳ ಬಿಗಿ ಮಾಡಿದೆ. ಅಷ್ಟರಲ್ಲಿ ಯಜಮಾನರೇ ಪಂಚೆ ಎತ್ತಿ ಕಟ್ಟಿಕೊಂಡು ಕೆರೆಯಿಂದ ಬಂದರು. ಮೇಡಂ ಬಾಟಲಿ ತೋರಿಸಿ, “ಇದು ಎಷ್ಟು ದಿನದಿಂದ?” ಎಂದರು. ಮೇಡಂಗೂ ಮೀನಿನ ಹುಚ್ಚು ಎಂದುಕೊಂಡು ಇವರ ಮುಖ ಅರಳಿತು.

“ಎಲ್ಡ್ ತಿಂಗ್ಳಾಯ್ತು ಮೇಡಂ. ಒಂದ್ಸಲ ಕುಂತ್ರೆ ಎಲ್ಡ್ ಗಂಟೆ ಏಳಂಗಿಲ್ಲ.”

“ಅಯ್ಯೋ, ಸುಸ್ತಾಗಲ್ವಾ?”

“ಸುಸ್ತೆಲ್ಲಿ ಬಂತು, ಖುಸಿ ಆಯ್ತದೆ! ನೀರಿಗೆ ಬಿದ್ದೇಟ್ಗೆ ಎಂಗ್ ಕುಣೀತದೆ ಅಂತೀರಿ! ಒಂದಿನ ಬನ್ನಿ ಮೇಡಂ, ತೋರುಸ್ತೀನಿ.”

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಮಕ್ಕಳಿಗೆಂದು ತಂದಿದ್ದ ಜಂತುಹುಳದ ಮಾತ್ರೆಯನ್ನು ಚೀಲದಿಂದ ತೆಗೆದು, “ಇಲ್ಲೇ, ನನ್ನೆದುರಿಗೇ ನುಂಗಿ” ಎಂದರು. ಯಜಮಾನರು ನನ್ನ ಮುಖ ನೋಡಿದರು. ಅಲ್ಲಿ ನೋಟೀಸು ಕಂಡಿರಬೇಕು, ಗುಟುಕ್ಕನೆ ನುಂಗಿದರು. ಮಾತ್ರೆ ನುಂಗಿದವರಿಗೆ ಚಪ್ಪಾಳೆ ತಟ್ಟಬೇಕೆಂದು ನಾನೇ ಕಲಿಸಿದ್ದೆನಲ್ಲ, ಮಕ್ಕಳೆಲ್ಲ ತಟ್ಟಿದರು.

ನನ್ನ ಕೆಲಸ ಉಳಿಯಿತು. ಉಳಿಸಿದ್ದು ಅಂದು ಮೇಡಂ ತಪಾಸಣೆ ಪುಸ್ತಕದಲ್ಲಿ ಬರೆದ ಎರಡು ಸಾಲು. ಪುಟ್ಟೀ, ಪಕ್ಕದಲ್ಲಿ ಕೂತು ಓದ್ತಾ ಇದ್ದೀಯಲ್ಲ ಮಗಳೇ, ನಗು ಬಂದು ನನ್ನ ಕೈಗೆ ಅಕ್ಷರ ನೆಟ್ಟಗೆ ಬರುತ್ತಿಲ್ಲ, ಇಷ್ಟನ್ನು ನೀನು ಬರೆದುಕೊಡು. ನಗೋದು ಆಮೇಲೆ. ಮೊದಲು ಬರಿ: “ಆಹಾರದಲ್ಲಿ ಹುಳ ಕಂಡುಬಂದಿಲ್ಲ. ಕಾರ್ಯಕರ್ತೆಯ ಪತಿಯಲ್ಲಿ ಕಂಡುಬಂದಿದೆ.”