ಸೋಲಿಗೊಂದು ಸಾಕ್ಷಿ

ಆರಿನ್ ಸ್ಕಾರ್‌ನ ಕಷ್ಟಕ್ಕೆಲ್ಲ ಮೂಲ ಒಂದು ಖಾಲಿ ಪುಟ. ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ಓದನ್ನು ಅವನು ತನ್ನ ಇ-ಪೋರ್ಟ್‌ಫೋಲಿಯೊದಲ್ಲಿ ತುಂಬಿಟ್ಟಿದ್ದ. ಅಲ್ಲಿ ಪಾಠ ಮಾಡಿದ ವಿಡಿಯೊಗಳಿದ್ದವು, ಪ್ರಬಂಧಗಳಿದ್ದವು; ‘ಇದರಿಂದ ನಾನೇನು ಕಲಿತೆ’ ಎಂಬ ಆತ್ಮಾವಲೋಕನಗಳು ಏಪ್ರಿಲ್ಲಿನಲ್ಲೂ ಕರಗದ ಮಿನ್ನೆಸೋಟದ ಹಿಮದಂತೆ ಮೂಲೆಮೂಲೆಯಲ್ಲಿ ರಾಶಿ ಬಿದ್ದಿದ್ದವು. ‘ನನ್ನದೊಂದು ಸೋಲು’ ಎಂಬ ಪುಟ ಮಾತ್ರ ಬೋಳು.

ಸೋಲಿಗೇನೂ ಬರವಿರಲಿಲ್ಲ. ಆರಿನ್‌ನ ಬದುಕು ಆ ಬೆಳೆಗೆಂದೇ ಹದಗೊಂಡ ಹೊಲ. ಆದರೆ ಪ್ರೊಫೆಸರ್ ಮಾರ್ಲಿಸ್ ಹಾಗನ್ ಅವರು ನ್ಯೂಯಾರ್ಕಿನ ಯಾವುದೋ ಸಮ್ಮೇಳನದಿಂದ ಒಂದು ನಿಯಮ ಹೊತ್ತು ತಂದಿದ್ದರು: ಸೋಲನ್ನು ಕಣ್ಣಾರೆ ಕಂಡವರು ಪುಟದ ಕೆಳಗಿನ ಚೌಕದಲ್ಲಿ ‘ಹೌದು, ಇವನು ಸೋತ’ ಎಂದು ತಾವೇ ಬರೆಯಬೇಕು. ಸಹಪಾಠಿಗಳು ಜಾಣರು, ಷಿಕಾಗೊದ ಚಿಕ್ಕಮ್ಮಂದಿರನ್ನು ಹಿಡಿದು ಬರೆಸಿಕೊಂಡಿದ್ದರು. ಆರಿನ್‌ಗೆ ಇದ್ದವರೆಲ್ಲ ಊರಿನವರೇ, ಯಾರ ಮುಖಕ್ಕೂ ಒಂದು ಕೆಟ್ಟ ಮಾತು ಆಡಲಾರದವರು. ಇಂದು ಸಂಜೆ ಐದಕ್ಕೆ ಪುಟ ತಾನಾಗಿಯೇ ಮುಚ್ಚಿಕೊಳ್ಳುತ್ತದೆ; ಅಷ್ಟರೊಳಗೆ ಸಾಕ್ಷಿ ಸಿಗದಿದ್ದರೆ ಶನಿವಾರ ಪದವಿಯಿಲ್ಲ. ಪದವಿಯಿಲ್ಲದಿದ್ದರೆ ಬೆಮಿಜಿಯ ಶಾಲೆಯೊಂದು ಕೊಡುತ್ತೇನೆಂದ ಮೇಷ್ಟರ ಕೆಲಸವೂ ಇಲ್ಲ.

“ಇಷ್ಟಕ್ಕೆ ಯಾಕೋ ಮುಖ ಇಳಿಸ್ಕೊಂಡು ಕೂತಿದೀಯ?” ಎಂದ ಜೊತೆಗಾರ ಫೆಂಗ್ ಲೋರ್, ಒಂದೇ ಬಾಡಿಗೆ ಮನೆಯವನು. “ನೀನು ಎಡವಿದ್ದನ್ನ ನೋಡದೇ ಇರೋರು ಈ ಊರಲ್ಲಿ ಯಾರಿದಾರೆ?”

“ಹಾಗಾದ್ರೆ ನೀನೇ ಬರ್ಕೊಡು.”

“ನಾನಾ? ಬೆಳಗಾದ್ರೆ ಮುಖ ಮುಖ ನೋಡ್ಕೋಬೇಕು ಮಾರಾಯ. ಬೇರೆ ಯಾರನ್ನಾದ್ರೂ ಹುಡುಕೋಣ, ಹತ್ತು ಗಾಡಿ.”

ಲ್ಯಾಪ್‌ಟಾಪ್ ಹಿಡಿದು ಮೊದಲು ಹೋದದ್ದು ಐಸ್‌ಹಾಕಿ ಆಟದ ಅಂಗಳಕ್ಕೆ. ಎರಡು ಚಳಿಗಾಲಗಳ ಹಿಂದೆ ಅಲ್ಲಿ ಮಂಜುಗಡ್ಡೆಯನ್ನು ನುಣುಪುಗೊಳಿಸುವ ಯಂತ್ರ ಓಡಿಸುತ್ತಿದ್ದ ಆರಿನ್, ಒಂದು ದಿನ ತಿರುವಿನಲ್ಲಿ ತಿರುಗಲು ಮರೆತು ಗೋಡೆಯ ಮೂಲಕ ಹಾದು ತಿಂಡಿ ಅಂಗಡಿಯಲ್ಲಿ ನಿಂತಿದ್ದ. ಯಜಮಾನ ಗಾರ್ಡಿ ಪುಲ್ಕಿನೆನ್ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

“ಅದಾ? ಆ ಗೋಡೆ ಹೇಗೂ ಒಡೀಬೇಕು ಅಂತಿದ್ವಿ.”

“ಸರ್, ನೀವು ನನ್ನ ಕೆಲಸದಿಂದ ತೆಗೆದ್ರಿ.”

“ಎಲ್ಲಿ ತೆಗೆದೆ ಮಗಾ? ಮನೇಲಿ ಸ್ವಲ್ಪ ಆರಾಮಾಗಿರು ಅಂದೆ.”

“ಒಂದೂವರೆ ವರ್ಷ ಆಯ್ತು ಸರ್.”

“ಆರಾಮಾಗಿದೀಯ ತಾನೇ?” ಎಂದು ಗಾರ್ಡಿ ಚೌಕದಲ್ಲಿ ಬರೆದ: ‘ಯಂತ್ರಗಳೊಂದಿಗೆ ಧೈರ್ಯವಾಗಿ ಬೆರೆಯುವ ಹುಡುಗ. ನಮಗೊಂದು ಹೊಸ ಬಾಗಿಲು ಕೊಟ್ಟ.’

ಮುಂದೆ ಲೂಥರನ್ ಚರ್ಚಿನ ನೆಲಮಾಳಿಗೆ. ಅಲ್ಲಿನ ಅಡುಗೆಮನೆಯ ಒಡತಿ ವೆರ್ನಾ ಆಸ್‌ಗಾರ್ಡ್. ಯಾರದೋ ತಿಥಿಯೂಟಕ್ಕೆ ಆರಿನ್ ಮಾಡಿ ತಂದಿದ್ದ ಆಲೂಗಡ್ಡೆಯ ಹಾಟ್‌ಡಿಶ್ ತಿಂದು, ಸತ್ತವನನ್ನು ಬಿಟ್ಟು ಮಿಕ್ಕವರೆಲ್ಲ ಮೂರು ದಿನ ನರಳಿದ್ದರು.

“ನರಳಿದ್ದು ದುಃಖಕ್ಕೆ ಕಣೋ ಕಂದಾ,” ಎಂದಳು ವೆರ್ನಾ.

“ಅಜ್ಜಿ, ನಿಮ್ಮನ್ನ ಆಸ್ಪತ್ರೆಗೆ ಸೇರಿಸಿದ್ರು.”

“ನರ್ಸು ಎಂಥಾ ಒಳ್ಳೆ ಹುಡುಗಿ ಗೊತ್ತಾ? ನೀನಿಲ್ದಿದ್ರೆ ಅವಳ ಪರಿಚಯ ಎಲ್ಲಾಗ್ತಿತ್ತು?”

“ಅಡುಗೆ ಹೇಗಿತ್ತು, ಅದನ್ನಾದ್ರೂ ಹೇಳಿ.”

ವೆರ್ನಾ ಒರೆಸಿದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದಳು. “ಸ್ವಲ್ಪ ಬೇರೆ ಥರ ಇತ್ತು.”

ಆ ಸೀಮೆಯಲ್ಲಿ ‘ಬೇರೆ ಥರ’ ಎನ್ನುವುದಕ್ಕಿಂತ ಕ್ರೂರವಾದ ಮಾತಿಲ್ಲ. ಹೇಳಿದ ಮುದುಕಿಗೂ ಕಣ್ಣು ತುಂಬಿತು. ಆದರೆ ನ್ಯೂಯಾರ್ಕಿನ ನಿಯಮಕ್ಕೆ ಆ ಸೂಕ್ಷ್ಮವೆಲ್ಲಿ ತಿಳಿದೀತು? ಪಶ್ಚಾತ್ತಾಪಕ್ಕೆಂಬಂತೆ ಅವಳು ಅಡುಗೆಮನೆಯ ಹೆಂಗಸರನ್ನೆಲ್ಲ ಕರೆದಳು. ಒಬ್ಬೊಬ್ಬರೂ ಕನ್ನಡಕ ಏರಿಸಿ ಹುಡುಗನನ್ನು ಹೊಗಳಿ ಬರೆದರು. ಸೋಲಿನ ಪುಟ ಮದುವೆಯ ಶುಭಾಶಯ ಪತ್ರದಂತೆ ಕಂಗೊಳಿಸಿತು.

ಬೀಳ್ಕೊಡುಗೆ ಇನ್ನೊಂದು ಗಂಡಾಂತರ. ಮೇಜಿನ ಬಳಿ ಒಮ್ಮೆ, ಮೆಟ್ಟಿಲ ಮೇಲೊಮ್ಮೆ, ಗಾಡಿಯ ಕಿಟಕಿಯಲ್ಲಿ ಮತ್ತೊಮ್ಮೆ; ಪ್ರತಿ ಸಲವೂ ಹವಾಮಾನದ ಮಾತನ್ನು ಮೊದಲಿನಿಂದ ಆಡಬೇಕು. ನಾಲ್ಕು ಗಂಟೆ ದಾಟಿತ್ತು. ಫೆಂಗ್ ಇನ್ನೂ ಚರ್ಚಿನ ಪಾದ್ರಿಗಳ ಕೈಕುಲುಕುತ್ತಿರುವಾಗ, ತಾಳ್ಮೆಗೆಟ್ಟ ಆರಿನ್ ತಾನೇ ಗಾಡಿ ಹತ್ತಿ ಹಿಂದಕ್ಕೆ ತೆಗೆದ. ಚರ್ಚಿನ ಫಲಕ ಮುರಿದು ಬಿತ್ತು. ಫೆಂಗ್ ಹೋದ ತಿಂಗಳಷ್ಟೇ ಕೊಂಡ ಟ್ರಕ್ಕಿನ ಹಿಂಭಾಗ ಹಳೆಯ ಪಾತ್ರೆಯಂತೆ ನೆಗ್ಗಿತು.

ಆರಿನ್‌ನ ಮುಖದಲ್ಲಿ ಬೆಳಕು. “ನೋಡಿದ್ರಲ್ಲ ಎಲ್ಲರೂ? ಈಗ ಬರೀರಿ.”

“ಕ್ಷಮಿಸಪ್ಪ,” ಎಂದರು ಪಾದ್ರಿಗಳು, “ಫಲಕ ಅಲ್ಲಿ ನಿಲ್ಲಿಸಿದ್ದು ನಮ್ದೇ ತಪ್ಪು.”

ಫೆಂಗ್ ನೆಗ್ಗಿದ ತಗಡನ್ನು ಕಾಯಿಲೆಯ ಕರುವನ್ನೆಂಬಂತೆ ಸವರಿದ. “ಪರವಾಗಿಲ್ಲ ಬಿಡು,” ಎಂದ ಕೊನೆಗೆ. “ಬಣ್ಣ ನಂಗೂ ಅಷ್ಟು ಹಿಡಿಸಿರ್ಲಿಲ್ಲ.”

ಐದಕ್ಕೆ ಕಾಲು ಗಂಟೆಯಿರುವಾಗ ಆರಿನ್ ಪ್ರೊಫೆಸರ್ ಹಾಗನ್‌ರ ಕೊಠಡಿಯಲ್ಲಿ ನಿಂತಿದ್ದ. ಅವರು ಹೊಗಳಿಕೆಗಳನ್ನೆಲ್ಲ ಓದಿ, ಕನ್ನಡಕ ತೆಗೆದು ಮೃದುವಾಗಿ ನಕ್ಕರು.

“ತುಂಬ ಒಳ್ಳೆಯವರು ಇವರೆಲ್ಲ.”

“ಪಾಸಾ ಮೇಡಂ?”

“ನಿನ್ನಂಥೋರಿದ್ರೆ ಕ್ಲಾಸಿಗೊಂದು ಕಳೆ ಆರಿನ್. ಸೆಪ್ಟೆಂಬರಲ್ಲಿ ಮತ್ತೆ ಬಾ. ನಿನ್ನ ಕುರ್ಚಿ ಹಾಗೇ ಇಟ್ಟಿರ್ತೀನಿ.”

ಆರಿನ್ ಹಿಗ್ಗಿ ಹೊರಬಂದು ಕಾರಿಡಾರಿನಲ್ಲಿದ್ದ ಫೆಂಗ್‌ಗೆ ಹೇಳಿದ. “ಎಷ್ಟು ಪ್ರೀತಿಯಿಂದ ಕರೆದ್ರು ಗೊತ್ತಾ?”

“ಕರೆದಿದ್ದಲ್ಲ ಮಾರಾಯ. ಅದು ಫೇಲು.”

ಮಾತು ಇಳಿಯಲು ಅರೆಗಳಿಗೆ ಹಿಡಿಯಿತು. ಆಮೇಲೆ ಆರಿನ್‌ನ ಎದೆಯಲ್ಲಿ ಹಕ್ಕಿಯೊಂದು ರೆಕ್ಕೆ ಬಡಿಯಿತು. ಅಪ್ಪಟ ಸೋಲು, ಕಣ್ಣಾರೆ ಕಂಡ ಸಾಕ್ಷಿ ಖುದ್ದು ಪ್ರೊಫೆಸರ್. ಸಮಯ ಇನ್ನೂ ಇತ್ತು. ಅವನು ಒಳಗೋಡಿ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟ.

“ಮೇಡಂ, ನೀವು ನನ್ನ ಫೇಲ್ ಮಾಡಿದ್ರಿ. ಅದನ್ನೇ ಈ ಚೌಕದಲ್ಲಿ ಬರೆದ್ಬಿಡಿ. ಒಂದೇ ಸಾಲು ಸಾಕು, ಪಾಸಾಗ್ತೀನಿ.”

ಪ್ರೊಫೆಸರ್ ಹಾಗನ್ ಬಿಳಿಚಿಕೊಂಡರು. “ಛೆ ಛೆ, ಮಕ್ಕಳಿಗೆ ಅಂಥಾ ಮಾತು ಬರೆಯೋಕಾಗತ್ತೇನಪ್ಪ?” ಎಂದು ಗೊಣಗಿದರು. ಆದರೂ ಹುಡುಗನ ಕಣ್ಣು ನೋಡಲಾರದೆ ಎರಡೇ ಬೆರಳಲ್ಲಿ, ಅಕ್ಷರ ಅಕ್ಷರ ಹುಡುಕಿ, ಟೈಪು ಮಾಡತೊಡಗಿದರು. ಐದು ಹೊಡೆಯುವ ಹೊತ್ತಿಗೆ ಸರಿಯಾಗಿ ಅವರು ಗುಂಡಿ ಒತ್ತಿದರು. ಪುಟ ಬೀಗ ಹಾಕಿಕೊಂಡಿತು.

‘ಆರಿನ್‌ನೊಂದಿಗೆ ಒಂದು ವರ್ಷ ಕಳೆದದ್ದು ಸಂತೋಷ. ಇನ್ನೂ ಒಂದು ವರ್ಷ ಅವನು ದೊರೆತದ್ದು ನನ್ನ ಭಾಗ್ಯ.’

ಆರಿನ್ ಅದನ್ನು ಎರಡು ಸಲ ಓದಿದ. ‘ಸೋತ’ ಎಂಬ ಮಾತು ಎಲ್ಲೂ ಇರಲಿಲ್ಲ.

“ತುಂಬ ಚೆನ್ನಾಗಿದೆ ಮೇಡಂ,” ಎಂದ. ಎಷ್ಟಾದರೂ ಅವನೂ ಆ ಊರಿನವನೇ.