ಉತ್ತರ ಕೊಡದ ಅಂಗಡಿಯ ಹನ್ನೆರಡನೆಯ ಸೀರೆ

ಕೇಳಿದ್ದಕ್ಕೆ ಉತ್ತರ ಕೊಡದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಅದಕ್ಕೇ ಇರಬೇಕು, ಅಂಥವರೆಲ್ಲ ಸಾಲುಗಟ್ಟಿ ನನ್ನ ಪಾಲಿಗೇ ಬರುತ್ತಾರೆ. ಮೊದಲೆಲ್ಲ ಅವರು ಕಣ್ಣಿಗಾದರೂ ಕಾಣುತ್ತಿದ್ದರು, ಬಾಗಿಲಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಈಗ ಫೋನಿನೊಳಗೆ ಅಂಗಡಿ ಇಟ್ಟುಕೊಂಡು ಕೂತವರನ್ನು ಎಲ್ಲಿ ನಿಲ್ಲಿಸುವುದು? ಜಮಖಂಡಿಯ ನಮ್ಮ ಮನೆಯಲ್ಲಿ ಮೂರು ವಾರ ನನಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅದರ ಕಥೆ ಇದು.

ಹನ್ನೊಂದು ಬಂದವು

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಬಂದ ಪತ್ರಕ್ಕೆ ಅಂದೇ ಉತ್ತರ ಬರೆಯಬೇಕು, ಸಾಲಿನಲ್ಲಿ ನೆಟ್ಟಗೆ ನಿಲ್ಲಬೇಕು ಎಂಬ ಎರಡು ಪಾಠಗಳನ್ನು ಅಲ್ಲಿಯ ಸಿಸ್ಟರುಗಳು ಎಷ್ಟು ಚೆನ್ನಾಗಿ ಕಲಿಸಿದರೆಂದರೆ, ಇವತ್ತಿಗೂ ಬ್ಯಾಂಕಿನ ಸಾಲಿನಲ್ಲಿ ಯಾರಾದರೂ ಓರೆಯಾಗಿ ನಿಂತರೆ ನನ್ನ ಕೈ ತಾನಾಗಿ ಅವರನ್ನು ಸರಿಪಡಿಸಲು ಹೋಗುತ್ತದೆ.

ನಮ್ಮ ತರಗತಿಯ ಹನ್ನೆರಡು ಜನ ಗೆಳತಿಯರು ಒಂದು ಭಾನುವಾರ ಹಳೆಯ ಶಾಲೆಯಲ್ಲಿ ಸೇರುವುದೆಂದೂ, ಎಲ್ಲರೂ ಒಂದೇ ಬಗೆಯ ಸೀರೆ ಉಟ್ಟು ಶಾಲೆಯ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳುವುದೆಂದೂ ನಿಶ್ಚಯವಾಯಿತು. ಸೀರೆ ತರಿಸುವ ಕೆಲಸಕ್ಕೆ ಮುಧೋಳದ ಗೆಳತಿ ಮುಂದಾದಳು. ಅವಳು ಆಗ ನಮ್ಮ ಕ್ಲಾಸ್ ಲೀಡರು, ಈಗಲೂ ಹಾಗೆಯೇ ತಿಳಿದುಕೊಂಡಿದ್ದಾಳೆ. ನಾನು ಬಿಡಲಿಲ್ಲ. ಸೀರೆ ನೇಯುವ ಬನಹಟ್ಟಿ ನಮ್ಮ ಮಗ್ಗುಲಲ್ಲೇ ಇದೆ, ಸೀರೆಯ ಮಾತು ನನಗೆ ಬಿಡಿ ಎಂದುಬಿಟ್ಟೆ.

ಹೇಳಿದ್ದೇನೋ ಸರಿ. ನಾನು ಹೋದ ಯಾವ ಅಂಗಡಿಯಲ್ಲೂ ಒಂದೇ ಬಣ್ಣದ ಹನ್ನೆರಡು ಸಿಗಲಿಲ್ಲ. ಕೊನೆಗೆ ಫೋನಿನ ಒಂದು ಆ್ಯಪಿನಲ್ಲಿ ಅಂಗಡಿಯೊಂದು ಸಿಕ್ಕಿತು. ದೊಡ್ಡದೊಂದು ಇಂಗ್ಲಿಷ್ ಹೆಸರು. ಸೂರತ್ತಿನದೋ ಮುಂಬೈಯದೋ ಇರಬೇಕೆಂದುಕೊಂಡು, ಹಸಿರು ಮೈ, ಹಳದಿ ಅಂಚಿನ ಹನ್ನೆರಡು ಸೀರೆಗೆ ಆರ್ಡರು ಕೊಟ್ಟೆ. ಹನ್ನೊಂದು ಬಂದವು. ಹನ್ನೊಂದು ಗೆಳತಿಯರಿಗೆ ಹನ್ನೊಂದನ್ನೂ ಕಳಿಸಿಯಾಯಿತು. ಬಾರದೆ ಉಳಿದದ್ದು ನನ್ನದು.

ಮುಧೋಳದವಳು ದಿನಾ ಬೆಳಿಗ್ಗೆ ಫೋನು ಮಾಡಿ, ಬಂತೇನು ಎಂದು ವಿಚಾರಿಸತೊಡಗಿದಳು. ನಾಲ್ಕನೆಯ ದಿನ ಸಮಾಧಾನವನ್ನೂ ಹೇಳಿದಳು: "ಚಿಂತಿ ಮಾಡಬ್ಯಾಡವಾ. ನೀ ಬ್ಯಾರೆ ಸೀರಿ ಉಟಗೊಂಡ ಬಾ. ಹೆಂಗೂ ಫೋಟೋ ತಗಿಯಾಕ ಒಬ್ರು ಬೇಕಲ್ಲ."

ಥ್ಯಾಂಕ್ಯೂ ಎಂದದ್ದು ತಪ್ಪಾಯಿತು

ಅಂಗಡಿಯವರಿಗೆ ಮೊದಲು ಆ ಆ್ಯಪಿನಲ್ಲೇ ಒಂದು ಪತ್ರ ಬರೆದೆ. ಮಾನ್ಯರೇ ಎಂದು ಆರಂಭಿಸಿ, ವಿಷಯ, ಉಲ್ಲೇಖ ಎಲ್ಲ ಕಾಣಿಸಿ, ಇಂತಿ ತಮ್ಮ ವಿಶ್ವಾಸಿ ಎಂದು ಮುಗಿಸಿದೆ. ಉತ್ತರವಿಲ್ಲ. ಎರಡನೆಯ ಪತ್ರದಲ್ಲಿ ಮೊದಲನೆಯದನ್ನು ಉಲ್ಲೇಖಿಸಿದೆ. ಮೂರನೆಯದರಲ್ಲಿ ಎರಡನ್ನೂ ಉಲ್ಲೇಖಿಸಿದೆ. ಪತ್ರ ಉದ್ದವಾಯಿತೇ ಹೊರತು ಉತ್ತರ ಬರಲಿಲ್ಲ.

ಅಂಗಡಿಯವರು ಮಾತಾಡದಿದ್ದರೆ ದೂರು ಕೊಡಲು ಅಲ್ಲೇ ಒಂದು ಜಾಗವಿತ್ತು. ಅಲ್ಲಿ ಉತ್ತರಿಸುವುದು ಮನುಷ್ಯರಲ್ಲ, ಯಂತ್ರ. ಅದಾದರೂ ಕೂಡಲೇ ಮಾತಾಡಿತು. ಎಲ್ಲ ಕೇಳಿಕೊಂಡು, ನಿಮ್ಮ ತೊಂದರೆ ಬಗೆಹರಿಯಿತೇ ಎಂದಿತು. ನಾನು "ಇಲ್ಲ, ಥ್ಯಾಂಕ್ಯೂ" ಎಂದು ಬರೆದೆ. ಥ್ಯಾಂಕ್ಯೂ ಎಂಬುದನ್ನು ಕಂಡದ್ದೇ ತಡ, ಯಂತ್ರವು ತನಗೆ ಬಹಳ ಸಂತೋಷವಾಯಿತೆಂದು ಹೇಳಿ ದೂರನ್ನು ಮುಚ್ಚಿಬಿಟ್ಟಿತು. ಮತ್ತೆ ಮೊದಲಿನಿಂದ ಬರೆದೆ. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ, ಮತ್ತೆ ಅದೇ ಸಂತೋಷ. ಮೂರು ದಿನದಲ್ಲಿ ಐದು ಸಲ ದೂರು ಮುಚ್ಚಿತು.

ನಮ್ಮ ಮನೆಯವರು ಪೇಪರಿನ ಮರೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ, ಥ್ಯಾಂಕ್ಯೂ ಒಂದನ್ನು ಬಿಟ್ಟು ಬರೆಯಬಾರದೇ ಎಂದರು. ಇಲ್ಲ ಎಂದು ಬರೀ ಮುಖಕ್ಕೆ ಹೊಡೆದಂತೆ ಹೇಳಲು ನನಗೆ ಯಾರೂ ಕಲಿಸಿಲ್ಲ ಎಂದೆ.

"ನನಗ ಹೇಳತೀಯಲ್ಲ ದಿನಾ," ಎಂದರು ಅವರು.

ಬೀಳಗಿಯ ಗಿರಾಕಿ

ಅದೇ ದಿನಗಳಲ್ಲಿ ನಮ್ಮದೊಂದು ಹಳೆಯ ಹೊಲಿಗೆ ಯಂತ್ರವನ್ನು ಮಾರಲು, ಹಳೇ ಸಾಮಾನು ಕೊಡುಕೊಳ್ಳುವ ಇನ್ನೊಂದು ಆ್ಯಪಿನಲ್ಲಿ ಹಾಕಿದ್ದೆವು. ಕಿಟಕಿಯ ಹತ್ತಿರ ಬೆಳಕಿನಲ್ಲಿಟ್ಟು ಚಿತ್ರ ತೆಗೆದು, ಎಣ್ಣೆ ಬಿಡುವ ಕ್ರಮವನ್ನೂ ಸೇರಿಸಿ ಇಡೀ ಒಂದು ಪುಟ ವಿವರ ಬರೆದಿದ್ದೆ.

ಬೀಳಗಿಯಿಂದ ಒಬ್ಬ ಗಿರಾಕಿ "ಹಾಯ್" ಎಂದು ಕಳಿಸಿದ. ಹಾಯ್ ಎಂಬುದಕ್ಕೆ ನಾನು ಏನು ಉತ್ತರ ಕೊಡಲಿ? ಅದರಲ್ಲಿ ಪ್ರಶ್ನೆಯೇ ಇಲ್ಲ. ಮರುದಿನ "ಐತಿ?" ಎಂದು ಬಂತು. ಯಾವುದು, ಯಾರಲ್ಲಿ, ಕೇಳುತ್ತಿರುವವರು ಯಾರು? ಸುಮ್ಮನಿದ್ದೆ. ಮೂರನೆಯ ದಿನ "ಲಾಸ್ಟ್?" ಎಂದ. ಹೆಸರು, ಊರು, ಒಂದು ನಮಸ್ಕಾರ ಬರೆಯುವವರೆಗೆ ಉತ್ತರ ಕೊಡಬಾರದೆಂದು ತೀರ್ಮಾನಿಸಿದೆ. ಅವನು ಆಮೇಲೆ ಬರೀ ಪ್ರಶ್ನೆಚಿಹ್ನೆಗಳನ್ನು ಕಳಿಸತೊಡಗಿದ.

ಬುಧವಾರ ಬಾಗಿಲ ಗಂಟೆ ಸದ್ದಾಯಿತು. ಸೀರೆ ಬಂತೆಂದು ಓಡಿದೆ. ನೋಡಿದರೆ, ಧೂಳು ಮೆತ್ತಿದ ಮೋಟರ್ ಸೈಕಲ್ಲಿನ ಪಕ್ಕ ಒಬ್ಬ ದೊಡ್ಡ ಮನುಷ್ಯ, ರುಮಾಲು ಸುತ್ತಿಕೊಂಡು ನಿಂತಿದ್ದ. ಚಿತ್ರದಲ್ಲಿ ನಮ್ಮ ಕಿಟಕಿಯಾಚೆ ನೀರಿನ ಟಾಕಿ ಕಂಡಿತ್ತಂತೆ. ಜಮಖಂಡಿಯಲ್ಲಿ ಆ ಟಾಕಿಯನ್ನೇ ಕೇಳಿಕೊಂಡು ಬಂದಿದ್ದ. ಹೊಲಿಗೆ ಯಂತ್ರ ಅವನ ಹೆಂಡತಿಗೆ ಬೇಕಿತ್ತು.

"ಇದನ್ನ ಮಾರಾಕ ಹಾಕಿದವ್ರು ಯಾರ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳಿದ. "ಎಂಟ ದಿನಾ ಆತ್ರಿ, ಒಂದ ಉತ್ತರ ಇಲ್ಲ. ಮಾರವ್ರಿಗೆ ಒಂದೀಟ ಮಾತಿನ ಮರ್ಯಾದಿ ಬ್ಯಾಡೇನ್ರಿ?"

ಇದೇ ಮಾತನ್ನು ನಾನು ಆಗತಾನೇ ಸೀರೆಯ ಅಂಗಡಿಗೆ ಬರೆಯುತ್ತಿದ್ದೆ. ಫೋನು ಇನ್ನೂ ಕೈಯಲ್ಲೇ ಇತ್ತು. ಒಳಗಿನಿಂದ ನಮ್ಮ ಮನೆಯವರು ಅವನಿಗೆ ದನಿಗೂಡಿಸಿದರು: "ಖರೆ ಹೇಳಿದ್ರಿ. ಕಲಿತ ಮಂದಿ ಕಾಣೂದಿಲ್ಲ ಅವ್ರು."

ಕರೆಂಟು ಹೇಳಿ ಹೋಗುತ್ತದೆಯೇ

ಆದರೆ ಆ ಮನುಷ್ಯ ನನಗೊಂದು ದಾರಿ ತೋರಿಸಿದ. ಉತ್ತರ ಬಾರದಿದ್ದರೆ ಮನೆಗೇ ಹೋಗಬೇಕು. ಸೀರೆ ಬಂದಿದ್ದ ಚೀಲವನ್ನು ಹುಡುಕಿ, ಕನ್ನಡಕ ಹಾಕಿಕೊಂಡು ಕಳಿಸಿದವರ ವಿಳಾಸ ಓದಿದೆ. ಬನಹಟ್ಟಿ. ಇಲ್ಲಿಂದ ಅರ್ಧ ಗಂಟೆಯ ದಾರಿ. ಹುಬ್ಬಳ್ಳಿಯನ್ನೆಲ್ಲ ಸುತ್ತಿ ಆರು ದಿನಕ್ಕೆ ನನ್ನ ಮನೆ ಮುಟ್ಟಿದ ಸೀರೆಗಳು ಮಗ್ಗುಲ ಊರಿನವು. ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಓಣಿ ಸಿಕ್ಕಿತು, ಮನೆಯೂ ಸಿಕ್ಕಿತು. ಇಡೀ ಓಣಿ ಖಟಖಟ ಅನ್ನುತ್ತಿತ್ತು. ಸಾಲಾಗಿ ಎಲ್ಲ ಮನೆಗಳಲ್ಲೂ ವಿದ್ಯುತ್ ಮಗ್ಗ. ನನಗೆ ಬೇಕಾದ ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ. ಮೊದಲು ಬೆರಳಿನಿಂದ ಬಡಿದೆ, ಆಮೇಲೆ ಅಂಗೈಯಿಂದ, ಆಮೇಲೆ ಹೇಳಬಾರದು, ಛತ್ರಿಯಿಂದ. ನಾನು ಬಡಿದದ್ದು ನನಗೇ ಕೇಳಲಿಲ್ಲ.

ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಚರಕದಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ಮಾಡಿ ಕರೆದು, ಕಿವಿಯ ಹತ್ತಿರ ಬಾಯಿ ತಂದು ವಿಷಯ ತಿಳಿಸಿದಳು. ಅತ್ತೆ, ಸೊಸೆ, ಮಗ ಎಲ್ಲ ಹಿಂದಿನ ಮಗ್ಗದ ಖೋಲಿಯಲ್ಲಿದ್ದಾರೆ. ಫೋನಿನ ಅಂಗಡಿ ಸೊಸೆಯದು. ಮಗ್ಗ ನಡೆಯುವಾಗ ಸಿಡಿಲು ಬಡಿದರೂ ಅವಳಿಗೆ ಕೇಳುವುದಿಲ್ಲ. ಕರೆಂಟು ಹೋದಾಗ ಮಾತ್ರ ಬಾಗಿಲು ತೆಗೆಯುತ್ತಾಳೆ, ಫೋನು ನೋಡುತ್ತಾಳೆ, ಊಟ ಮಾಡುತ್ತಾಳೆ.

"ಕೂಡ್ರಿ ಅಕ್ಕಾರ. ಹೋಗತೈತಿ," ಎಂದಳು.

ಯಾವಾಗ ಎಂದೆ.

"ಅದೇನ ಹೇಳಿ ಹೋಗತೈತೇನ್ರಿ?"

ಕೂತೆ. ಎದ್ದೆ. ಓಣಿಯ ತುದಿಯವರೆಗೆ ಹೋಗಿ ಬಂದೆ. ಮತ್ತೆ ಕೂತೆ. ತಂತಿಯ ಮೇಲೆ ಕಾಗೆ ಕೂತರೆ ಆಸೆಯಿಂದ ನೋಡಿದೆ. ಹನ್ನೊಂದರಿಂದ ನಾಲ್ಕರವರೆಗೆ ಬನಹಟ್ಟಿಯಲ್ಲಿ ಕರೆಂಟು ಕಣ್ಣು ಕೂಡ ಮಿಟುಕಿಸಲಿಲ್ಲ. ಕೊನೆಗೆ ಅಜ್ಜಿಯಿಂದ ಸೊಸೆಯ ನಂಬರು ಬರೆದುಕೊಂಡು, ಬಾಗಿಲ ಸಂದಿಯಲ್ಲಿ ನನ್ನ ಹೆಸರು, ನಂಬರು ಇರುವ ಒಂದು ಚೀಟಿ ತೂರಿಸಿ ಹೊರಟೆ.

ಅಜ್ಜಿಗೆ ನನ್ನ ಮೇಲೆ ಬಹಳ ಅಕ್ಕರೆ ಹುಟ್ಟಿಬಿಟ್ಟಿತ್ತು. "ದಿನಾ ಬರ್ರಿ ಅಕ್ಕಾರ," ಎಂದಳು. "ನೀವ ಕುಂತ್ರ ಕರೆಂಟ್ ಹೋಗೂದಿಲ್ಲ."

ಒಬ್ಬರಾದರೂ ಇದ್ದರು

ಶುಕ್ರವಾರ ಬೆಳಿಗ್ಗೆಯಿಂದ ಆ ನಂಬರಿಗೆ ಇಪ್ಪತ್ತು ಸಲ ಫೋನು ಮಾಡಿದೆ. ರಿಂಗಾಗುತ್ತಿತ್ತು, ಅಷ್ಟೇ. ಮುಧೋಳದವಳು ಮಾತ್ರ ತಪ್ಪದೆ ಫೋನು ಮಾಡಿ, ಕ್ಯಾಮೆರಾ ಹಿಡಿಯುವುದು ಅಭ್ಯಾಸವಿದೆಯೇ ಎಂದು ಕೇಳಿದಳು. ಅವಳ ಫೋನು ಇಟ್ಟವಳೇ ಬನಹಟ್ಟಿಯ ಕರೆಂಟ್ ಆಫೀಸಿನ ನಂಬರು ಹುಡುಕಿದೆ.

ಅಲ್ಲಿಯವರು ಪಾಪ, ನಾನು ಬಾಯಿ ತೆರೆಯುವ ಮೊದಲೇ, ಬರತೈತ್ರಿ, ಈಗ ಬರತೈತಿ ಎಂದರು. ಬರುವುದು ಬೇಡ, ಯಾವಾಗ ಹೋಗುತ್ತದೆ ಎಂದು ದಯವಿಟ್ಟು ತಿಳಿಸಬೇಕು ಎಂದೆ. ಆ ಕಡೆಯವರು ಏನಂದ್ರಿ ಎಂದರು. ಆಮೇಲೆ ಇನ್ನೊಮ್ಮೆ ಹೇಳಿಸಿಕೊಂಡರು. ಓಣಿಯ ಹೆಸರು ಕೇಳಿ, ಶನಿವಾರ ಹತ್ತಕ್ಕೆ ಅಲ್ಲಿ ತಂತಿಯ ಕೆಲಸವಿದೆ, ಒಂದು ತಾಸು ತೆಗೆಯುತ್ತೇವೆ ಎಂದರು. ಮನಸಾರೆ ಥ್ಯಾಂಕ್ಯೂ ಹೇಳಿದೆ.

ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಫೋನು ಎದುರಿಗಿಟ್ಟುಕೊಂಡು ಕೂತೆ. ಹತ್ತು ಗಂಟೆ ಎರಡು ನಿಮಿಷಕ್ಕೆ ಅದು ಹೊಡೆದುಕೊಂಡಿತು. ಬನಹಟ್ಟಿಯ ಸೊಸೆ.

"ಅಕ್ಕಾರ, ಏನಾತ್ರಿ? ಇಷ್ಟ ಫೋನ್ ಬಂದಾವ, ಪತ್ರ ಬಂದಾವ, ಚೀಟಿ ಬಂದೈತಿ."

ನನ್ನ ಸೀರೆ ಎಂದೆ. ನಾಳೆ ಬೆಳಿಗ್ಗೆ ಅದನ್ನುಟ್ಟು ಬೆಳಗಾವಿಗೆ ಹೋಗಬೇಕು ಎಂದೆ. ಅಂಚಿನ ಹಳದಿ ನೂಲು ಮುಗಿದಿತ್ತಂತೆ, ನೂಲಿಗೆ ಬಣ್ಣ ಹಾಕುವವರು ನಿನ್ನೆಯಷ್ಟೇ ಕೊಟ್ಟರಂತೆ. ಅಷ್ಟನ್ನು ಒಂದು ಸಾಲಿನಲ್ಲಿ ತಿಳಿಸಬಾರದಿತ್ತೇ ಎಂದರೆ, ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಕೊಡತೀನಿ ಅಂದಮ್ಯಾಲ ಕೊಡತೀನ್ರಿ. ನಡುವ ಮಾತಾಡೂದ ಏನಿರತೈತಿ?" ಎಂದಳು. "ಮಗ್ಗದ ಮ್ಯಾಲ ಐತ್ರಿ ನಿಮ್ಮ ಸೀರಿ. ಬರೇ ಎರಡ ಮೊಳ ಸೆರಗ ಉಳದಿತ್ತು. ಈ ಕರೆಂಟ್ ಒಂದ ಹೋಗದ ಇದ್ದಿದ್ರ ಇನ್ನ ಒಂದೀಟ ಹೊತ್ತಿನ್ಯಾಗ ಮುಗಸಿ ಕೈಯಾಗ ಕೊಡತಿದ್ದೆ ನೋಡ್ರಿ."

ಆ ಸೀರೆ ಸಂಜೆಯೊಳಗೆ ಸಿಕ್ಕಿತು, ಭಾನುವಾರ ಅದನ್ನುಟ್ಟು ಮೆಟ್ಟಿಲ ಮೇಲೆ ಸಾಲಿನ ನಟ್ಟನಡುವೆ ನೆಟ್ಟಗೆ ನಿಂತೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಶನಿವಾರದ ಆ ಗಳಿಗೆಯಲ್ಲಿ ನನಗೆ ಅದೆಲ್ಲ ಗೊತ್ತಿರಲಿಲ್ಲ. ಅವಳ ಫೋನು ಇಟ್ಟವಳೇ ಮತ್ತೆ ಕರೆಂಟ್ ಆಫೀಸಿಗೆ ಹಚ್ಚಿದೆ. ನಿನ್ನೆಯ ದನಿಯೇ ಎತ್ತಿಕೊಂಡಿತು. ಒಂದು ತಾಸು ಕಾಯಲಾಗುವುದಿಲ್ಲ, ದಯವಿಟ್ಟು ಕರೆಂಟು ಸ್ವಲ್ಪ ಬೇಗ ಬರುವಂತೆ ಮಾಡಬೇಕು ಎಂದು ಕೇಳಿಕೊಂಡೆ.

"ನಿನ್ನೆ ಯಾವಾಗ ಹೋಗತೈತಿ ಅಂತ ಕೇಳಿದ ಅಕ್ಕಾರ ನೀವ ಅಲ್ರಿ?"

ಹೌದು ಎಂದೆ.

ಅವರು ದೊಡ್ಡದೊಂದು ಉಸಿರು ಬಿಟ್ಟರು. "ನನ್ನ ಇಡೀ ಸರ್ವಿಸ್‌ನ್ಯಾಗ ಕರೆಂಟ್ ತಗದದ್ದಕ್ಕ ಥ್ಯಾಂಕ್ಯೂ ಅಂದವ್ರು ನೀವೊಬ್ರ ಇದ್ರಿ," ಎಂದರು. "ಈಗ ನೀವೂ ಕೈಬಿಟ್ರಿ?"