ಒನೊರೆಯವರ ಬೀಳ್ಕೊಡುಗೆಯ ಮೀನು

ಗಾಸ್ಪಾರ್ ಎಲ್ಲರಂತೆ ಒಂದು ಹೂಗುಚ್ಛ ತಂದಿದ್ದರೆ ಅವನ ಮಾನ ಉಳಿಯುತ್ತಿತ್ತು. ಅವನು ಮೀನು ತಂದ. ಅದೂ ಬಲೂನಿನ ಮೀನು. ಬಂಗಾರದ ಬಣ್ಣ, ಎಳೆಗರುವಿನಷ್ಟು ಗಾತ್ರ, ಹೊಟ್ಟೆ ತುಂಬ ಹೀಲಿಯಂ.

ಅಂದು ಒನೊರೆಯವರ ಕೊನೆಯ ದಿನ. ನಿವೃತ್ತಿಯಾದ ಮೇಲೆ ದುರಾನ್ಸ್ ನದಿಯಲ್ಲಿ ಗಾಳ ಹಾಕಿಕೊಂಡು ಕೂರುತ್ತೇನೆ ಎಂದು ಅವರು ವರ್ಷದಿಂದ ಹೇಳುತ್ತಿದ್ದರು. ಬೀಳ್ಕೊಡುವಾಗ ತಲೆಯ ಮೇಲೊಂದು ಮೀನು ತೇಲಿದರೆ ಎಷ್ಟು ಚೆನ್ನ ಎಂದು ಗಾಸ್ಪಾರನಿಗೆ ಹೊಳೆಯಿತು. ಅವನಿಗೆ ಹೊಳೆಯುವುದು ಅಪರೂಪ. ಹೊಳೆದಾಗಲೆಲ್ಲ ಯಾರಿಗಾದರೂ ತೊಂದರೆ.

ಅವರಿಬ್ಬರು ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆಯಲ್ಲಿ ಸೂರ್ಯನ ಒಲೆಯನ್ನು ಭೂಮಿಯ ಮೇಲೆ ಹೊತ್ತಿಸುವ ಯಂತ್ರವೊಂದು ಸಿದ್ಧವಾಗುತ್ತಿತ್ತು. ಉದ್ದಿನ ವಡೆಯ ಆಕಾರದ, ಮನೆಯಷ್ಟು ದೊಡ್ಡ ಉಕ್ಕಿನ ಪಾತ್ರೆ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಚೂರು ಹೈಡ್ರೊಜನ್ ಬಿಟ್ಟು, ಸೂರ್ಯನಿಗಿಂತ ಹೆಚ್ಚು ಕಾಯಿಸಿದರೆ ಅದು ಬೆಸೆದುಕೊಂಡು ಹೀಲಿಯಂ ಆಗುತ್ತದೆ, ಜೊತೆಗೆ ಬೇಕಾದಷ್ಟು ಶಕ್ತಿ. ಅದಕ್ಕೆಲ್ಲ ಮೊದಲು ಪಾತ್ರೆ ಎಲ್ಲೂ ಸೋರಬಾರದು. ಸೋರಿಕೆ ಹುಡುಕುವುದೂ ಹೀಲಿಯಮ್ಮಿನಿಂದಲೇ. ಕೀಲುಗಳ ಮೇಲೆ ಅದನ್ನು ಊದುತ್ತಾರೆ. ಎಲ್ಲಾದರೂ ಸಂದಿಯಿದ್ದರೆ ಅದು ಒಳಗೆ ನುಸುಳಿ ಪತ್ತೆಯಂತ್ರದ ಮುಳ್ಳು ಏಳುತ್ತದೆ. ಈ ವಿದ್ಯೆಯಲ್ಲಿ ಒನೊರೆಯವರದು ಎತ್ತಿದ ಕೈ. ಸಂಜೆಯವರೆಗೆ ಮುಳ್ಳು ಮಲಗಿದ್ದರೆ ಪಾತ್ರೆ ಪಾಸು, ಒನೊರೆ ನದಿಗೆ, ಅವರ ಕುರ್ಚಿ ಗಾಸ್ಪಾರನಿಗೆ.

ಗಾಸ್ಪಾರನ ಕೆಲಸ ಕಿಟಕಿ ಮುಚ್ಚುವುದು. ಪಾತ್ರೆಯ ಸುತ್ತಲಿನ ದುಂಡು ಬಾಯಿಗಳನ್ನು ಅಲ್ಲಿ ಕಿಟಕಿ ಎನ್ನುತ್ತಾರೆ. ಪ್ರತಿಯೊಂದಕ್ಕೂ ಲೋಹದ ಬಳೆಯಿಟ್ಟು, ಮುಚ್ಚಳ ಕೂರಿಸಿ, ಬೋಲ್ಟು ಬಿಗಿಯುತ್ತಾನೆ. ಒಳ್ಳೆಯ ಕೈ. ಒಂದೇ ತಕರಾರು ಅವನ ಮೀಸೆಯದು. ಗಡ್ಡ ಮೀಸೆ ಇದ್ದವರೆಲ್ಲ ಕೆಲಸದ ಹೊತ್ತಿನಲ್ಲಿ ಮುಖಕ್ಕೆ ಬಲೆ ಕಟ್ಟಿಕೊಳ್ಳಬೇಕು. ತಾತನ ಕಾಲದಿಂದ ಬಂದ ಮೀಸೆಗೆ ಬಲೆ ಹಾಕುವುದು ಅವಮಾನ ಎಂದು ಅವನ ವಾದ. ಗಾಬರಿಯಾದಾಗ ಅದನ್ನು ತಿರುವುವುದು ಅಭ್ಯಾಸ.

ಯಂತ್ರದ ಹಜಾರದೊಳಗೆ ಬಲೂನು ತರಬಾರದೆಂದು ಬಾಗಿಲಲ್ಲೇ ಫಲಕವಿತ್ತು. ಬಾಯಿ ಕಟ್ಟಿದ ಬಲೂನಿನಿಂದ ಏನು ಮಹಾ ಎಂದುಕೊಂಡ ಗಾಸ್ಪಾರ್, ಬೆಳಿಗ್ಗೆ ಯಾರೂ ಇಲ್ಲದಾಗ ಮೀನನ್ನು ಬಟ್ಟೆಯಲ್ಲಿ ಸುತ್ತಿ ತಂದು, ಬೇರೆ ಯಾರೂ ಸುಳಿಯದ ಮೂಲೆಯ ಕಿಟಕಿಯ ಕೆಳಗೆ ಕಟ್ಟಿಟ್ಟ. ಅದು ತಾನೇ ಮುಚ್ಚಿದ ಕಿಟಕಿ, ತನ್ನದೇ ಜಾಗ.

ಊಟ ಮುಗಿಸಿ ಬಂದಾಗ ಮುಳ್ಳು ಎದ್ದು ನಿಂತಿತ್ತು.

"ಅಯ್ಯೋ, ಇದೇನಾಯ್ತೋ! ಬೆಳಿಗ್ಗೆ ಕುರಿಮರಿ ಹಾಗೆ ಮಲಗಿತ್ತಲ್ಲೋ!" ಎಂದರು ಒನೊರೆ. ಅವರ ಮುಖ ಇಳಿದುಹೋಯಿತು.

ಗಾಸ್ಪಾರ್ ಮೂಲೆಗೆ ಓಡಿದ. ಬಟ್ಟೆ ಎತ್ತಿದರೆ, ಮೀನಿನ ಬಾಲ ಬೋಲ್ಟೊಂದಕ್ಕೆ ತಾಗಿ ಸಣ್ಣಗೆ ಹರಿದು ಬುಸುಗುಡುತ್ತಿತ್ತು. ಅವನು ಬಾಲ ಹಿಡಿದು ಗಂಟು ಹಾಕಿದ. ಹೇಳಿಬಿಡೋಣವೆಂದು ತಿರುಗಿದರೆ, ಒನೊರೆ ಆಗಲೇ ಏಣಿ ಹತ್ತುತ್ತಿದ್ದರು.

"ನೀವು ಯಾಕೆ ಹತ್ತುತ್ತೀರ ಯಜಮಾನ್ರೇ, ಮೊಣಕಾಲು ನೋವು ಅಂತಿದ್ರಲ್ಲ."

"ಮೊಣಕಾಲು ನಾಳೆಯಿಂದ ರಜಾ ತಗೊಳ್ಳುತ್ತೆ ಬಿಡೋ. ಸೋರೋ ಪಾತ್ರೆ ನಿನ್ನ ತಲೆಗೆ ಕಟ್ಟಿ ನಾನು ಹೆಂಗೆ ಮನೆಗೆ ಹೋಗ್ಲಿ?"

ಮುದುಕರು ಒಂದೊಂದೇ ಕೀಲನ್ನು ಕೈಯಿಂದ ತಡವುತ್ತ, ಉಸ್ಸೆನ್ನುತ್ತ ಪಾತ್ರೆಯ ಮೇಲೆ ಮಂಡಿಯೂರಿ ತೆವಳಿದರು. ಕೆಳಗೆ ನಿಂತ ಗಾಸ್ಪಾರನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತನ್ನ ಮೀನಿಗೋಸ್ಕರ ಆ ಮನುಷ್ಯ ತೆವಳುತ್ತಿದ್ದಾರೆ. ಬಾಯಿ ತೆರೆದ, ಮುಚ್ಚಿದ, ಮೀಸೆ ತಿರುವಿದ.

ಅಷ್ಟರಲ್ಲಿ ಕಾಫಿ ತಂದ ಕ್ಯಾಂಟೀನಿನ ಜೆಲೀ ಬಾಗಿಲಲ್ಲಿ ನಿಂತು ಕೇಳಿದಳು, "ಏನಾಯ್ತು?"

"ಒಳಗೆ ಹೀಲಿಯಂ ಕಾಣಿಸ್ತಿದೆಯಮ್ಮ," ಎಂದರು ಒನೊರೆ ಮೇಲಿನಿಂದ.

ಜೆಲೀ ಕಾಫಿಯನ್ನು ಅಲ್ಲೇ ಇಟ್ಟು ಓಡಿದಳು. ಹೀಲಿಯಂ ಬಂದರೆ ಒಲೆ ಹೊತ್ತಿದಂತೆ ಎಂದು ಊರವರಿಗೆ ಯಂತ್ರ ತೋರಿಸಿದ ದಿನ ಅವಳು ಕೇಳಿದ್ದಳು. ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನಲ್ಲಿ ಚಪ್ಪಾಳೆ, ಅದರ ಬೆನ್ನಿಗೇ ಪೇಟೆಯಲ್ಲೆಲ್ಲ ಸುದ್ದಿ. ಯಂತ್ರಕ್ಕೆ ಇನ್ನೂ ವೈರು ಕೂಡ ಎಳೆದಿರಲಿಲ್ಲ.

ನಿರ್ದೇಶಕಿ ಮದಾಮ್ ವಾಲ್‌ಕೂರ್ ಬರುವ ಸದ್ದು ಕೇಳಿದಾಗ ಗಾಸ್ಪಾರ್ ಮೂಲೆಯಲ್ಲಿ ಮೀನನ್ನು ಅಪ್ಪಿ ನಿಂತಿದ್ದ. ಹೊರಗೆ ಒಯ್ದರೆ ಕಾಣುತ್ತದೆ, ಒಡೆದರೆ ಮುಳ್ಳು ಕುಣಿಯುತ್ತದೆ. ಬೇರೆ ದಾರಿ ತೋಚದೆ ಗಂಟು ಬಿಚ್ಚಿ, ಬಾಲಕ್ಕೆ ಬಾಯಿ ಹಚ್ಚಿ, ಒಂದು ದೊಡ್ಡ ಗುಟುಕು ಹೀರಿದ. ತಲೆ ಗಿರ್ರೆಂದಿತು.

"ಗಾಸ್ಪಾರ್! ಏನ್ರೀ ಇದೆಲ್ಲ? ಮೇಯರ್ ಫೋನ್ ಮಾಡಿ ಕರೆಂಟು ಯಾವತ್ತಿಂದ ಬಿಡ್ತೀರ ಅಂತ ಕೇಳ್ತಿದಾರೆ!"

"ನನಗೇನೂ ಗೊತ್ತಿಲ್ಲ ಮದಾಮ್," ಎಂದ ಗಾಸ್ಪಾರ್.

ಹೇಳಿದ್ದು ಅವನೇ, ಹೀಲಿಯಂ ಕುಡಿದ ಧ್ವನಿ ಮಾತ್ರ ಬಾತುಕೋಳಿ ಮರಿಯದು. ಮದಾಮ್ ಕನ್ನಡಕ ಸರಿಮಾಡಿಕೊಂಡರು. ಪಾತ್ರೆಯ ಮೇಲೆ ಒನೊರೆ ಇದ್ದಲ್ಲೇ ನಿಂತರು. ಮದಾಮರ ಹಿಂದೆಯೇ ಬಂದಿದ್ದ ಜೆಲೀ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗಿನಂತೆ ಏಪ್ರನ್ ಅಡ್ಡ ಹಿಡಿದಳು.

"ತಪ್ಪಾಯ್ತು ಮದಾಮ್," ಎಂದು ಬಾತುಕೋಳಿ ಅಳತೊಡಗಿತು. "ಯಜಮಾನ್ರಿಗೆ ಅಂತ ಮೀನು ತಂದೆ. ಹರಿದುಹೋಯ್ತು. ಮುಳ್ಳು ಎದ್ದಿದ್ದು ಅದಕ್ಕೇ." ಹೇಳುತ್ತ ಹೇಳುತ್ತ ಧ್ವನಿ ಇಳಿದು ಅವನದೇ ಆಯಿತು. ತನ್ನದೇ ಧ್ವನಿಯಲ್ಲಿ ಕೇಳಿದಾಗ ನಾಚಿಕೆ ಎರಡರಷ್ಟಾಯಿತು. "ಅವರು ಮಂಡಿಯೂರೋದನ್ನ ನೋಡ್ತಾ ನಿಂತಿದ್ದೆ. ಹೇಳೋಕೆ ಧೈರ್ಯ ಬರಲಿಲ್ಲ."

ಮದಾಮ್ ದೊಡ್ಡದಾಗಿ ಉಸಿರು ಬಿಟ್ಟರು.

"ಬರೀ ಮೀನಾ? ಹಾಗಾದ್ರೆ ಪಾತ್ರೆ ಸೋರ್ತಿಲ್ಲ! ಬದುಕಿಸಿದ್ರಿ ಕಣ್ರೀ! ಜೆಲೀ, ಬಾಟ್ಲಿ ತೆಗಿ!"

ಜೆಲೀ ಗ್ಲಾಸು ತಂದಳು. ಬೆನ್ನು ತಟ್ಟಿದವರೇ ತಟ್ಟಿದವರು. ಮಾನ ಹೋದರೂ ಕುರ್ಚಿ ಉಳಿಯಿತಲ್ಲ ಎಂದು ಗಾಸ್ಪಾರ್ ಬೆಳಗಿನಿಂದ ಮೊದಲ ಬಾರಿಗೆ ನಕ್ಕ.

ಒನೊರೆ ಏಣಿಯಿಂದ ಇಳಿದು ಬಂದರು. ಗ್ಲಾಸು ಮುಟ್ಟಲಿಲ್ಲ.

"ಮಗಾ, ಮೀನು ಎಲ್ಲಿತ್ತು?"

"ಹೊರಗೆ, ಯಜಮಾನ್ರೇ. ನನ್ನ ಕಿಟಕಿ ಕೆಳಗೆ."

"ಮುಳ್ಳು ನೋಡೋದು ಎಲ್ಲಿನ ಗಾಳೀನ?"

"ಪಾತ್ರೆ ಒಳಗಿಂದು."

"ಮತ್ತೆ ಹೊರಗಿನ ಮೀನಿನ ಉಸಿರು ಒಳಗೆ ಹೆಂಗೆ ಹೋಯ್ತು?"

ಗಾಸ್ಪಾರನ ನಗು ಮೀಸೆಯ ಕೆಳಗೇ ಆರಿತು. ಒನೊರೆ ಮೀನನ್ನು ಇಸಿದುಕೊಂಡು, ಅಳಿದುಳಿದ ಗಾಳಿಯನ್ನು ಆ ಕಿಟಕಿಯ ಸುತ್ತ ಮೆಲ್ಲಗೆ ಹಿಂಡಿದರು. ಮುಳ್ಳು ಛಂಗನೆ ಹಾರಿತು.

ಒಳಗೆ ಗಾಳಿ ನುಗ್ಗದಂತೆ ಕಿಟಕಿಗೂ ಪಾತ್ರೆಗೂ ನಡುವಿನ ಬಾಗಿಲು ಹಾಕಿ, ಆ ಕಿಟಕಿಯೊಂದನ್ನೇ ಬಿಚ್ಚಿದರು. ಲೋಹದ ಬಳೆಗೆ ಅಡ್ಡಲಾಗಿ, ನೀಟಾಗಿ ಸುರುಳಿ ಸುತ್ತಿದ ಕೂದಲೊಂದು ಮಲಗಿತ್ತು. ಕಪ್ಪು, ದಪ್ಪ, ತುದಿಗೆ ಎಣ್ಣೆಯ ಹೊಳಪು. ಅಂಥ ಕೂದಲು ಆ ಕಣಿವೆಯಲ್ಲಿ ಒಬ್ಬನದೇ.

"ನೀವು ಒಟ್ಟು ಎಷ್ಟು ಕಿಟಕಿ ಮುಚ್ಚಿದೀರಿ?" ಎಂದು ಮದಾಮ್ ಮೆಲ್ಲಗೆ ಕೇಳಿದರು.

"ಎಲ್ಲಾನೂ, ಮದಾಮ್."

ಮದಾಮ್ ಗ್ಲಾಸು ಕೆಳಗಿಟ್ಟು, ಎಲ್ಲ ಕಿಟಕಿ ಬಿಚ್ಚಿ ಮತ್ತೆ ಮುಚ್ಚುವವರೆಗೆ ನೀವೇ ಇರಬೇಕು ಎಂದು ಒನೊರೆಯವರನ್ನು ಕೈಮುಗಿಯುವುದೊಂದು ಬಾಕಿ ಎನ್ನುವಂತೆ ಬೇಡಿಕೊಂಡರು. ಒಂದು ವರ್ಷದ ಕೆಲಸ. ಒನೊರೆ ಕಳಚಿ ಮಡಚಿಟ್ಟಿದ್ದ ಕೆಲಸದ ಕೋಟನ್ನು ಮತ್ತೆ ಹಾಕಿಕೊಂಡರು. ನಿಜ ಹೇಳಬೇಕೆಂದರೆ ಅವರ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ಖಾಲಿಯಾಗಿ ಜೋತುಬಿದ್ದ ಮೀನನ್ನು ಅವರು ಗಾಸ್ಪಾರನ ಕೈಗಿಟ್ಟರು.

"ಜೋಪಾನವಾಗಿ ಮಡಚಿಡು. ಮುಂದಿನ ವರ್ಷಕ್ಕೆ ಬೇಕಾಗುತ್ತೆ."

ಗಾಸ್ಪಾರ್ ತಲೆ ತಗ್ಗಿಸಿದ. ಕಣ್ಣು ತುಂಬಿ ಬಂದು, ಅಭ್ಯಾಸಬಲದಿಂದ ಕೈ ಮೇಲೆತ್ತಿದ. ಬಿಚ್ಚಿದ ಕಿಟಕಿ ಅವನ ಮುಂದೆಯೇ ಬಾಯಿ ತೆರೆದುಕೊಂಡಿತ್ತು.

"ಮೀಸೆ ಮುಟ್ಟಬೇಡ ಮಾರಾಯ," ಎಂದರು ಒನೊರೆ, "ಇನ್ನೊಂದು ಉದುರೀತು!"